ಗಟಾರದ ಮೇಲಿನ ತುಳಸಿಕಟ್ಟೆ

ಕುಮಟೆಯ ಆ ಬೀದಿಯ ಗಟಾರವನ್ನೆಲ್ಲ ಅಗೆಯುತ್ತ ಬಂದ ಜೆಸಿಬಿ ದಿನಕರನ ಗೇಟಿನೆದುರು ನಿಂತುಬಿಟ್ಟಿತು. ಅಲ್ಲಿ ಗಟಾರ ಮುಚ್ಚಿ ಹಾಕಿದ ಕಾಂಕ್ರೀಟಿನ ಒಂದು ಮೂಲೆಗೆ, ಹಳದಿ ಬಣ್ಣ ಹೊಡೆದ ತುಳಸಿಕಟ್ಟೆ. ಡ್ರೈವರ್ ಚೌಡ ಕೆಳಗಿಳಿದವನು ಮೊದಲು ಚಪ್ಪಲಿ ಕಳಚಿದ.

"ಸರ್, ಇದನ್ನ ತೆಗೀದೆ ಗಟಾರ ಮುಂದೆ ಹೋಗೂದಿಲ್ಲ," ಎಂದಳು ಪುರಸಭೆಯ ಇಂಜಿನಿಯರ್ ವಿನುತಾ.

"ದೇವ್ರನ್ನ ತೆಗೀರಿ ಅಂತ ನಾ ಯಾವ ಬಾಯಲ್ಲಿ ಹೇಳ್ಲಿ ಮೇಡಂ? ನಿಮ್ಗೆ ಧೈರ್ಯ ಇದ್ರೆ ತೆಗೀರಿ," ಎಂದ ದಿನಕರ.

ಯಾರಿಗಿದೆ ಧೈರ್ಯ! ದಿನಕರ ನಂಬಿಕೊಂಡಿದ್ದೇ ಅದನ್ನು. ಕಾರು ಒಳಗೆ ತರಲೆಂದು ಗಟಾರ ಮುಚ್ಚಿಸಿದವನು ಅವನೇ. ಹೊಸ ಗಟಾರಕ್ಕೆ ಅಳತೆ ಮಾಡುವವರು ಬಂದುಹೋದದ್ದೇ ತಡ, ಕಾಂಕ್ರೀಟಿನ ಮೇಲೆ ಕಟ್ಟೆ ಎದ್ದಿತು. ಮನೆಯ ತುಳಸಿ ಒಳಗೆ ಅಂಗಳದಲ್ಲಿ ತನ್ನ ಪಾಡಿಗೆ ತಾನಿದೆ. ಹೆಂಡತಿ ರೇಖಾ ದೀಪ ಇಡುವುದೂ ಅಲ್ಲೇ. ಈ ಕಟ್ಟೆ ಕಾರಿನ ದಾರಿಗೆ ಕಾವಲು, ಅಷ್ಟೆ. ಮುಚ್ಚಿದ ಗಟಾರದಲ್ಲಿ ಕಸ ಕಟ್ಟಿಕೊಂಡು, ಮಳೆ ಬಂತೆಂದರೆ ಬೀದಿಯ ಕೊಳಚೆಯೆಲ್ಲ ಎದುರಿನ ತಗ್ಗಿನಲ್ಲಿರುವ ಗಣಪಿಯ ಅಡುಗೆಮನೆಗೆ ನುಗ್ಗುತ್ತಿತ್ತು. ಸೊಪ್ಪು ಮಾರಿ ಬದುಕುವ ಹೆಂಗಸು. ಹೋದ ಮಳೆಗಾಲ ಒಲೆ ಹೊತ್ತಿಸಲಾಗದೆ ಮಗಳನ್ನು ಕರೆದುಕೊಂಡು ಶಾಲೆಯ ಜಗಲಿಯಲ್ಲಿ ಮಲಗಿದ್ದಳು. ದಿನಕರನಿಗೆ ಇದು ಗೊತ್ತಿಲ್ಲದ್ದೇನಲ್ಲ.

"ಮಳೆ ಹಿಡಿಯೂದ್ರೊಳಗೆ ಮುಗೀದಿದ್ರೆ ಮಂಜೂರಾದ ದುಡ್ಡು ವಾಪಸ್ ಹೋಗ್ತದೆ. ಮತ್ತೆ ಯಾವ ಕಾಲಕ್ಕೆ ಬರ್ತದೋ," ಎನ್ನುತ್ತ ವಿನುತಾ ಎದುರು ಬದಿ ನಿಂತಿದ್ದ ಗಣಪಿಯತ್ತ ನೋಡಿದಳು. "ಆಚೆಯಿಂದ ಸುತ್ತಿಸ್ಬಹುದು. ಆದ್ರೆ ಗಣಪಕ್ಕ, ನಿಮ್ಮ ಜಗಲಿ ಹೋಗ್ತದೆ."

"ನಾ ಕೂತು ವ್ಯಾಪಾರ ಮಾಡೂದೇ ಅಲ್ಲಿ," ಎಂದಳು ಗಣಪಿ. ಕಟ್ಟೆಯತ್ತ ನೋಡಿದಳು. "ಆತು, ಜಗಲಿ ತೆಗೀರಿ. ಒಂದು ಜಗಲಿ ಉಳಿಸೂಕೆ ದೇವ್ರ ಮೇಲೆ ಹಾರೆ ಹಾಕೂದೆಂತಕ್ಕೆ?"

ದಿನಕರ ಜಗಳಕ್ಕೆ ತಯಾರಾಗಿ ಬಂದಿದ್ದ. ಅವಳು ಶಾಪ ಹಾಕಿದ್ದರೆ ನಾಲ್ಕು ಮಾತು ಅವನಲ್ಲೂ ಇದ್ದವು. ಈಗ ನಾಚಿಕೆಯಿಂದ ಕಿವಿಯವರೆಗೆ ಬಿಸಿಯೇರಿತು. ಹೊಸ್ತಿಲಲ್ಲಿದ್ದ ರೇಖಾ ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

"ಮೇಡಂ, ಅವ್ರ ಜಗಲಿ ಮುಟ್ಬ್ಯಾಡಿ. ಕಟ್ಟೆ ಒಡೀರಿ," ಎಂದ ದಿನಕರ. ದನಿ ಅವನದ್ದಲ್ಲವೆನ್ನುವಷ್ಟು ಸಣ್ಣಗಿತ್ತು.

ಚೌಡ ತಲೆಯಾಡಿಸಿದ. "ನಾ ಮುಟ್ಟೂದಿಲ್ಲ ಸರ್. ಮಕ್ಕಳು ಮರಿ ಇದ್ದವ ನಾನು."

ಇದು ದೇವರಲ್ಲ ಮಾರಾಯ, ನನ್ನ ಕಾರಿನ ಸಲುವಾಗಿ ಹೂಡಿದ ಆಟ ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಇಡೀ ಬೀದಿಯೇ ಎದುರಿಗೆ ನಿಂತಿತ್ತು, ನಾಲಿಗೆ ಏಳಲಿಲ್ಲ. ಕೆಲಸದವರು ಒರಗಿಸಿಟ್ಟಿದ್ದ ಹಾರೆಯನ್ನು ತಾನೇ ಎತ್ತಿಕೊಂಡು ದಿನಕರ ಕಟ್ಟೆಯತ್ತ ನಡೆದ.

ಗಣಪಿ ಓಡಿಬಂದು ಅಡ್ಡ ನಿಂತಳು.

"ಬ್ಯಾಡ ದಿನಕರಣ್ಣ. ನಮ್ಮ ಸಲುವಾಗಿ ನೀವು ಪಾಪ ಕಟ್ಕಬ್ಯಾಡಿ," ಎಂದು ಅವನಿಗೇ ಕೈಮುಗಿದಳು.