ಮೇಕೆ ಅಜ್ಜಿಯ ಹೆಲ್ಮೆಟ್

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೂರು ಕಿಲೋ ತೂಕದ ನನ್ನ ರಿಮೋಟ್ ವಿಮಾನ ಹೋದ ಭಾನುವಾರ ಹಿಡಿತ ತಪ್ಪಿ, ಬಯಲಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯ ತಲೆಯ ಮೇಲೆ ಗೇಣಂತರದಲ್ಲಿ ಹಾದುಹೋಯಿತು. ಅಜ್ಜಿ ಕುಸಿದು ಕುಳಿತಳು.

“ಆಟದ ಸಾಮಾನು ಕಣಜ್ಜಿ, ಇದಕ್ಕೆಲ್ಲ ಹೆದರ್ತಾರಾ?” ಎಂದು ಐವತ್ತು ದಾಟಿದ ನಾನು ನಕ್ಕುಬಿಟ್ಟೆ. ತಪ್ಪಾಯಿತು ಎನ್ನಲಿಲ್ಲ.

ಈ ಭಾನುವಾರ ಅಜ್ಜಿ ಮೊಮ್ಮಗನ ಹೆಲ್ಮೆಟ್ ಹಾಕಿಕೊಂಡು ಮೇಕೆಗಳ ಹಿಂದೆ ಬಂದಳು. ನನ್ನ ಜೊತೆ ವಿಮಾನ ಹಾರಿಸಲು ಬಂದಿದ್ದ ಗೆಳೆಯರು ಬಿದ್ದು ಬಿದ್ದು ನಕ್ಕರು.

“ಏನಜ್ಜಿ, ಮೇಕೆ ಮೇಯ್ಸೋಕೂ ಹೆಲ್ಮೆಟ್ಟಾ? ಗಾಡಿ ಎಲ್ಲಿ?” ಎಂದು ನಾನೂ ಕೆಣಕಿದೆ.

ಅಜ್ಜಿ ಗಲ್ಲದ ಪಟ್ಟಿ ಬಿಗಿ ಮಾಡಿಕೊಂಡು ನನ್ನ ಕೈಯಲ್ಲಿದ್ದ ರಿಮೋಟ್ ನೋಡಿದಳು.

“ಗಾಡಿ ನಿನ್ ಕೈಲೈತಲ್ಲ ಮಗಾ. ನಾನು ಹಾಕ್ಕೊಂಡಿವ್ನಿ, ನೀನು ಹೆದರ್ದೆ ಆಡ್ಕೊ.”