ಎಡಗಡೆ ಸೀಟು

"ಹೊಸ ಇಂಜಿನ್ನು ಅಗಲ ಐತಣ್ಣ, ಬ್ಯಾಟರಿಗೆ ಜಾಗ ಇಲ್ಲ. ಎಲ್ಲಿಡ್ಲಿ?" ಲಾರಿಯೊಳಗೆ ಬಗ್ಗಿದ್ದ ಮೆಕ್ಯಾನಿಕ್ ಮುನಿಕೃಷ್ಣ ತಲೆ ಎತ್ತಿ ಕೇಳಿದ.

"ಎಡಗಡೆ ಸೀಟು ಕಿತ್ತು ಅಲ್ಲಿಡು. ಇನ್ಮೇಲೆ ಅಲ್ಲಿ ಯಾರೂ ಕೂರಲ್ಲ," ಎಂದ ಮುರಳಿ.

ಅವನ ಹೆಂಡತಿ ಭಾನುಪ್ರಿಯಾ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟಳು. ಚನ್ನರಾಯಪಟ್ಟಣದಿಂದ ಏರ್‌ಪೋರ್ಟಿಗೆ ಅವನು ಲಾರಿಯಲ್ಲಿ ಗುಲಾಬಿ ಸಾಗಿಸುವಾಗಲೆಲ್ಲ ಆ ಸೀಟಿನಲ್ಲಿ ಕೂರುತ್ತಿದ್ದವಳು ಅವಳೇ. "ಹಂಗಾದ್ರೆ ನಾನು?"

"ನೀನೇ ಓಡ್ಸು, ಲೈಸೆನ್ಸ್ ಐತಲ್ಲ! ನಾನು ಏರ್‌ಪೋರ್ಟಲ್ಲಿ ಕೆಲ್ಸಕ್ಕೆ ಸೇರ್ಕೊಂಡೆ ಕಣೆ."

ಹಿಗ್ಗಬೇಕೋ ಸಿಟ್ಟಾಗಬೇಕೋ ಅವಳಿಗೆ ತಿಳಿಯಲಿಲ್ಲ. ಲಾರಿ ಓಡಿಸುವ ಆಸೆ ಅವಳದೇ. ಆದರೆ ಈ ಕೆಲಸದ ಮಾತನ್ನು ಅವನು ಮನೆಯಲ್ಲಿ ಎತ್ತಿರಲೇ ಇಲ್ಲ. ಅಷ್ಟರಲ್ಲಿ ಮುನಿಕೃಷ್ಣ ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

"ಸೀಟು ಮುಟ್ಬೇಡಪ್ಪ. ಬ್ಯಾಟರೀನ ಹೊರಗಡೆ ಚಾಸಿಗೆ ಕೂರ್ಸು," ಎಂದಳು ಭಾನುಪ್ರಿಯಾ.

"ಅಲ್ಲಿ ಯಾರೇ ಕೂರ್ತಾರೆ?" ಮುರಳಿ ನಕ್ಕ.

"ಓಡ್ಸೋಳು ನಾನು. ಪಕ್ಕದಲ್ಲಿ ಯಾರು ಕೂರ್ಬೇಕು ಅಂತ ನಾನೇ ನೋಡ್ಕೊಂತೀನಿ."