ಐದನೆಯ ಹಾಡು

ಕರೆಂಟು ಹೋಗಿ ಮಗ್ಗಗಳು ನಿಂತ ಕೂಡಲೇ ಅನಸವ್ವ ಮೊಬೈಲು ಹಿಡಿದುಕೊಂಡು ಪಕ್ಕದ ಕಸ್ತೂರೆವ್ವನ ಮನೆಗೆ ಓಡಿಬಂದಳು. ಯಾವುದೋ ಚಾನೆಲ್ಲಿನವರು ಕಸ್ತೂರೆವ್ವನ ಮಗಳ ಬಗ್ಗೆ ವಿಡಿಯೊ ಬಿಟ್ಟಿದ್ದರು: ‘ಬನಹಟ್ಟಿಯ ಪ್ರೀತಿ, ನಂಬರ್ ಒನ್ ಆದ ಐದು ಹಾಡು, ಒಂದು ಹಿನ್ನೋಟ.’

“ಯಕ್ಕಾ, ನೋಡಿಲ್ಲೆ, ನಿನ್ನ ಮಗಳು!” ಎಂದು ತುಟಿ ಅಗಲಿಸಿ ಹೇಳಿದಳು. ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತ ಕಸ್ತೂರೆವ್ವನ ಕಿವಿ ಎಂದೋ ಹೋಗಿದ್ದವು. ಅದೇನು ದೊಡ್ಡ ಮಾತಲ್ಲ. ಮಗ್ಗದ ಶೆಡ್ಡಿನಲ್ಲಿ ಕಿವಿ ಇದ್ದವರೂ ಮಾತಾಡುವುದು ತುಟಿ ನೋಡಿಯೇ.

ಪ್ರೀತಿ ಒಳಗಿನಿಂದ ಬಂದು ಗೋಡೆಗೊರಗಿ ನಿಂತಳು. ಊರಿಗೆ ಬಂದು ನಾಲ್ಕು ದಿನವಾದರೂ ಕೊರಳಿನ ದುಪಟ್ಟಾ ತೆಗೆದಿರಲಿಲ್ಲ. ಆಪರೇಷನ್ ಮಾಡಿ ಗಂಟಲಿನ ಗಂಟು ತೆಗೆದದ್ದು ಅವ್ವನಿಗೆ ಗೊತ್ತಿತ್ತು. ಅದರೊಡನೆ ದನಿಯೂ ಹೋಯಿತು, ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಗೊತ್ತಿರಲಿಲ್ಲ. ತಾನು ಬರೀ ತುಟಿ ಆಡಿಸಿದರೂ ತನ್ನೊಡನೆ ಮೊದಲಿನಂತೆಯೇ ಮಾತಾಡುವವಳು ಲೋಕದಲ್ಲಿ ಅವ್ವ ಒಬ್ಬಳೇ. ಪ್ರೀತಿ ಓಡಿಬಂದದ್ದೂ ಅದಕ್ಕೇ.

ಮೊಬೈಲಿನಲ್ಲಿ ಹಾಡುಗಳು ಶುರುವಾದವು. ಮೊದಲನೆಯದು ‘ಲಾಳಿ ಓಡತೈತಿ ಮಾವಾ’. ಆ ವರ್ಷ ಜಮಖಂಡಿಯಿಂದ ಮುಧೋಳದವರೆಗೆ ಅದನ್ನು ಹಾಕದ ಟ್ರ್ಯಾಕ್ಟರ್ ಇರಲಿಲ್ಲ.

“ಇದು ಕೇಳೇನಿ,” ಎಂದಳು ಕಸ್ತೂರೆವ್ವ, ಮೊಬೈಲಿನಲ್ಲಿ ಹಾಡುತ್ತಿದ್ದ ಮಗಳ ತುಟಿ ನೋಡಿ. ಎರಡನೆಯದಕ್ಕೆ, “ಇದೂ ಕೇಳೇನಿ.” ಕೇಳುವುದೆಂದರೆ ಅಂಗೈಯಿಂದ. ಒಂದೊಂದು ಹಾಡು ಬಂದಾಗಲೂ ಪ್ರೀತಿ ಮನೆಗೆ ಬಂದು, ಅವ್ವನ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಪೂರ್ತಿ ಹಾಡುತ್ತಿದ್ದಳು. ಕಸ್ತೂರೆವ್ವ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಹಾಗೆ ನಾಲ್ಕು ಹಾಡು ಆಗಿದ್ದವು.

ಐದನೆಯದು ಬಂತು: ‘ಒಮ್ಮಿ ಕರದ ನೋಡೊ’.

“ಎರಡ ಕೋಟಿ ಮಂದಿ ಕೇಳ್ಯಾರಂತ. ನಾ ಒಬ್ಬಾಕಿ ಉಳದೇನಿ,” ಎಂದು ಕಸ್ತೂರೆವ್ವ ಮಗಳನ್ನು ಹತ್ತಿರ ಎಳೆದುಕೊಂಡಳು. “ಹಾಡ ಬೇ.”

‘ನಾಳಿ ಹಾಡತೇನಿ ಯವ್ವಾ,’ ಎಂದವು ಪ್ರೀತಿಯ ತುಟಿಗಳು.

“ನಾಳಿ ನಾಳಿ ಅಂತ ನಾಕ ದಿನಾ ಆತು.”

ಅನಸವ್ವ ಬೆಚ್ಚಿ ಪ್ರೀತಿಯ ಮುಖ ನೋಡಿದಳು. “ಯಾಕವಾ, ನಿನ್ನ ದನಿ…” ಪ್ರೀತಿ ಅವ್ವನ ಬೆನ್ನ ಹಿಂದಿನಿಂದ ಅನಸವ್ವನಿಗೆ ಕೈ ಮುಗಿದಳು. ಅನಸವ್ವ ಮೊಬೈಲು ಬಂದ್ ಮಾಡಿದಳು.

ಅಷ್ಟರಲ್ಲಿ ಕಸ್ತೂರೆವ್ವ ದುಪಟ್ಟಾ ಸರಿಸಿ, ಗಾಯದ ಗೆರೆ ತಪ್ಪಿಸಿ ಅಂಗೈ ಇಟ್ಟು ಕಣ್ಣು ಮುಚ್ಚಿಯಾಗಿತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪ್ರೀತಿ ಬಾಯಿ ತೆರೆದು ಹಾಡಿದಳು. ಒಂದು ಅಕ್ಷರವನ್ನೂ ಬಿಡಲಿಲ್ಲ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ತಪ್ಪಿಸಲಿಲ್ಲ. ಮನೆಯೊಳಗೆ ಒಂದಿಷ್ಟೂ ಸದ್ದಿಲ್ಲ. ಅನಸವ್ವನಿಗೆ ನೋಡಲಾಗಲಿಲ್ಲ, ಸೆರಗು ಬಾಯಿಗೊತ್ತಿಕೊಂಡಳು.

ಕಸ್ತೂರೆವ್ವ ಕೈಯನ್ನು ತುಸು ಮೇಲೆ ಸರಿಸಿದಳು. ಮತ್ತೆ ಕೆಳಗೆ ಸರಿಸಿದಳು. ಬಲಗೈ ತೆಗೆದು ಎಡಗೈ ಇಟ್ಟಳು. ಆಮೇಲೆ ಕಣ್ಣು ಬಿಟ್ಟು, ಇನ್ನೂ ಆಡುತ್ತಲೇ ಇದ್ದ ಮಗಳ ತುಟಿಗಳನ್ನು ನೋಡಿದಳು. ತನ್ನ ಎರಡೂ ಅಂಗೈಗಳನ್ನು ಸೀರೆಗೆ ತಿಕ್ಕಿಕೊಂಡು ತಿರುವಿ ತಿರುವಿ ನೋಡಿದಳು.

“ನೂಲ ಹಿಡದ ಹಿಡದ ನನ್ನ ಕೈನೂ ಸತ್ತಾವ ನೋಡ,” ಎಂದಳು. “ನೀ ನಿಲ್ಲಸಬ್ಯಾಡ ಬೇ, ಹಾಡ. ಅನಸವ್ವ ಆದ್ರೂ ಕೇಳಲಿ.”